ಪೀಪಾಯಿ ಪ್ರೊಸ್ಪೆರನ ಕೆಳದನಿ

ಸ್ತಾರಿ ಪೊರಾತ್ ಊರಿನಲ್ಲಿ ಸೂರ್ಯ ಮುಳುಗಿದ ಮೇಲೂ ಗಂಡಸೊಬ್ಬ ಮನೆಯೊಳಗೆ ಕೂತಿದ್ದಾನೆಂದರೆ ಅವನಿಗೆ ಜ್ವರ ಬಂದಿದೆ ಎಂದೇ ಅರ್ಥ. ಸಮುದ್ರ ಕೆಂಪಾಗುತ್ತಿದ್ದ ಹಾಗೆ ಒಬ್ಬೊಬ್ಬರೇ ಅಂಗಿ ಬದಲಾಯಿಸಿ, ಹೆಂಡತಿಗೆ ‘ಇಲ್ಲೇ ಹೋಗಿ ಬಂದೆ’ ಎಂದು ದಿನದ ಸುಳ್ಳು ಹೇಳಿ, ಫೀಲಾಳ ಕೊನೊಬಾಗೆ, ಅಂದರೆ ಅವಳ ವೈನಿನಂಗಡಿಗೆ, ಇಳಿಯುತ್ತಾರೆ. ಮೂರು ಮೆಟ್ಟಿಲು ಇಳಿದರೆ ಆಯಿತು. ಅವಳ ಅಜ್ಜನ ಕಾಲದಲ್ಲಿ ಅದು ವೈನಿನ ಪೀಪಾಯಿ ಇಡುವ ನೆಲಮಾಳಿಗೆಯಾಗಿತ್ತು. ಈಗಲೂ ಅದೇ, ಪೀಪಾಯಿಗಳ ನಡುವೆ ನಾಲ್ಕು ಬೆಂಚು ಬಂದಿವೆ ಅಷ್ಟೆ. ಅಲ್ಲಿ ಕೆಂಪು ವೈನಿಗೆ ನೀರು ಬೆರೆಸಿ ಕುಡಿಯುತ್ತಾರೆ. ನೀರು ಬೆರೆಸದೆ ಕುಡಿಯುವವನು ದುಡುಕಿನವನು, ನೀರೇ ಹೆಚ್ಚು ಹಾಕಿಕೊಳ್ಳುವವನು ಹೆಂಡತಿಗೆ ಹೆದರುವವನು ಎಂದು ಊರು ಬಹಳ ಹಿಂದೆಯೇ ತೀರ್ಮಾನಿಸಿಬಿಟ್ಟಿದೆ.

ಎರಡನೆಯ ಲೋಟದ ಹೊತ್ತಿಗೆ ಹಾಡು ಏಳುತ್ತದೆ. ಐದು ಜನ, ವಾದ್ಯವಿಲ್ಲ, ಕಾಗದವಿಲ್ಲ. ಅರ್ಧ ಚಂದ್ರದ ಹಾಗೆ ನಿಂತು, ಒಬ್ಬರ ಬೆನ್ನ ಮೇಲೆ ಒಬ್ಬರು ಕೈಯಿಟ್ಟು ಹಾಡುತ್ತಾರೆ. ಒಂದು ತುದಿಯಲ್ಲಿ ಎಲ್ಲರಿಗಿಂತ ಮೇಲಿನ ದನಿ, ಇನ್ನೊಂದು ತುದಿಯಲ್ಲಿ ಎಲ್ಲರಿಗಿಂತ ಕೆಳಗಿನ ದನಿ. ಮೇಲಿನ ದನಿಗೆ ಚಪ್ಪಾಳೆ ಸಿಗುತ್ತದೆ, ಕೆಳಗಿನ ದನಿಯನ್ನು ಯಾರೂ ಗಮನಿಸುವುದಿಲ್ಲ. ಅದು ಇಲ್ಲದ ದಿನ ಮಾತ್ರ ಉಳಿದ ನಾಲ್ವರು ನೆಲವಿಲ್ಲದ ಮನೆಯಲ್ಲಿ ಓಡಾಡಿದಂತೆ ತಡವರಿಸುತ್ತಾರೆ.

ಆ ಕೆಳದನಿ ನಲವತ್ತೊಂದು ವರ್ಷ ಪ್ರೊಸ್ಪೆರನದಾಗಿತ್ತು.

ಅವನ ಕಸುಬು ಪೀಪಾಯಿ ಕಟ್ಟುವುದು. ಅಪ್ಪನದೂ ಅದೇ, ಅಜ್ಜನದೂ ಅದೇ. ಓಕ್ ಮರದ ಹಲಗೆಗಳನ್ನು ಬೆಂಕಿಗೆ ಕಾಯಿಸಿ ಬಗ್ಗಿಸಿ, ಕಬ್ಬಿಣದ ಪಟ್ಟಿ ಬಿಗಿದು, ಒಂದು ಹನಿ ಆಚೆ ಬಾರದಂತೆ ಮಾಡುವ ವಿದ್ಯೆ. ಈಗ ಎಲ್ಲರ ಮನೆಗೂ ಸ್ಟೀಲಿನ ಟ್ಯಾಂಕು ಬಂದಿದೆ. ಹಾಗಾಗಿ ಪ್ರೊಸ್ಪೆರನ ಕೆಲಸವೆಲ್ಲ ಹಳೆಯದಕ್ಕೆ ತೇಪೆ ಹಾಕುವುದೇ. ಆದರೆ ಕಿವಿ ಹಾಗೇ ಇತ್ತು. ಪೀಪಾಯಿಯನ್ನು ಅಂಗೈಯಿಂದ ಒಮ್ಮೆ ಬಡಿದು, ಒಳಗೆ ವೈನ್ ಎಷ್ಟಿದೆ, ಯಾವ ಹಲಗೆಗೆ ವಯಸ್ಸಾಯಿತು, ಮನೆಯ ಯಜಮಾನ ಬೆಳಗಿನಿಂದ ಎಷ್ಟು ಇಳಿಸಿದ್ದಾನೆ ಎಂಬುದನ್ನೂ ಹೇಳಿಬಿಡುತ್ತಿದ್ದ. ಕೊನೆಯದನ್ನು ಯಜಮಾನನ ಹೆಂಡತಿಯ ಎದುರಿಗೇ ಹೇಳುತ್ತಿದ್ದನಾದ್ದರಿಂದ ಕೆಲವು ಮನೆಗಳಲ್ಲಿ ಅವನಿಗೆ ಅಷ್ಟೇನೂ ಸ್ವಾಗತವಿರಲಿಲ್ಲ.

ಅವನಿಗೆ ಹೆಂಡತಿ ಸಿಕ್ಕಿದ್ದೂ ಒಂದು ಪೀಪಾಯಿಯಿಂದಲೇ. ಗುಡ್ಡದಾಚೆಯ ಹಳ್ಳಿಯೊಂದರಲ್ಲಿ ಆಳೆತ್ತರದ ಹಂಡೆಪೀಪಾಯಿ ತೊಳೆಯಲು ಅವನನ್ನು ಕರೆಸಿದ್ದರು. ಸಣ್ಣ ಬಾಗಿಲಿನಿಂದ ಒಳಗೆ ನುಸುಳಿ, ಮೋಂಬತ್ತಿ ಹಚ್ಚಿಟ್ಟು, ಉಜ್ಜುತ್ತ ಹಾಡಿಕೊಳ್ಳುತ್ತಿದ್ದ. ನೀರು ತಂದ ಹುಡುಗಿ ಪೀಪಾಯಿಯೇ ಗುಡುಗುವುದನ್ನು ಕೇಳಿ ಕೊಡ ಬಿಸಾಡಿ ಓಡಿದಳು. ಆಮೇಲೆ ನಾಚಿಕೆಯಾಗಿ ಹಿಂದೆ ಬಂದು, ಬಾಗಿಲಲ್ಲಿ ಮುಖವಿಟ್ಟು, ‘ಯಾವ ಎತ್ತು ಒಳಗ ಸಿಕ್ಕೊಂಡೈತಿ?’ ಎಂದು ಕೇಳಿದಳು. ಅವಳೇ ಪೆರೀನಾ. ಮದುವೆಯಾಗಿ ಮೂವತ್ತೆಂಟು ವರ್ಷವಾದರೂ ಗುಡ್ಡದಾಚೆಯ ಮಾತು ಬಿಟ್ಟಿಲ್ಲ, ಮೀನಿನ ತಲೆ ತಿನ್ನುವುದನ್ನು ಕಲಿತಿಲ್ಲ. ‘ಗುಡ್ಡದವಳು’ ಎಂದು ದಂಡೆಯ ಹೆಂಗಸರು ಈಗಲೂ ಕಿಚಾಯಿಸುತ್ತಾರೆ, ‘ಹೌದು, ನಾನು ಬರೂತನಕ ನಿಮಗ ಮೊಸರ ಅಂದ್ರ ಏನು ಗೊತ್ತಿತ್ತೇನು?’ ಎಂದು ಅವಳು ಈಗಲೂ ತಿರುಗಿಸಿ ಕೊಡುತ್ತಾಳೆ.

ಇಷ್ಟೆಲ್ಲ ಒಳ್ಳೆಯದನ್ನು ಹೇಳಿದ ಮೇಲೆ ಪ್ರೊಸ್ಪೆರನ ಒಂದು ಕೆಟ್ಟದ್ದನ್ನೂ ಹೇಳಲೇಬೇಕು. ಹಾಡಿನ ವಿಷಯದಲ್ಲಿ ಅವನಿಗೆ ದಯೆ ಇರಲಿಲ್ಲ. ಬಾರ್ಬಾ ಕುಜ್ಮಾ ಎಂಬ ಮುದುಕ (ಊರಿನಲ್ಲಿ ಹಿರಿಯರನ್ನೆಲ್ಲ ಬಾರ್ಬಾ ಎನ್ನುವುದೇ ವಾಡಿಕೆ) ಅದೇ ಸಾಲಿನಲ್ಲಿ ಐವತ್ತು ವರ್ಷ ಹಾಡಿದವನು. ಪ್ರೊಸ್ಪೆರನಿಗೆ ಹಾಡು ಕಲಿಸಿದವನೂ ಅವನೇ. ಆರು ವರ್ಷದ ಹಿಂದೆ ಅವನ ದನಿ ಬಿರುಕು ಬಿಟ್ಟಿತು. ಇತರರು ಕೇಳಿಯೂ ಕೇಳದವರಂತೆ ಇದ್ದರು. ಪ್ರೊಸ್ಪೆರ್ ಮಾತ್ರ ತುಂಬಿದ ಕೊನೊಬಾದಲ್ಲಿ, “ಬಾರ್ಬಾ, ಹಾಡೋಕಾಗದವ ಸಾಲಲ್ಲಿ ನಿಲ್ಲಬಾರದು” ಎಂದುಬಿಟ್ಟ. ಕುಜ್ಮಾ ಸಾಲು ಬಿಟ್ಟ. ಹೋಗಿ ಗೋಡೆಯ ಬದಿಯ ಬೆಂಚಿನಲ್ಲಿ ಕುಳಿತ. ಅಂದಿನಿಂದ ಅವನ ಜಾಗ ಅದೇ, ಅಂದಿನಿಂದ ಊರಿನ ಹಾಡಿನ ಕಾನೂನೂ ಅದೇ.

ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರಲ್ಲ. ಕಳೆದ ಚಳಿಗಾಲದಲ್ಲಿ ಪ್ರೊಸ್ಪೆರನ ಗಂಟಲಿನಲ್ಲಿ ಗಡ್ಡೆ ಕಾಣಿಸಿತು. ದನಿಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದರೆ ಜೀವ ಉಳಿಯುತ್ತದೆ ಎಂದು ಪಟ್ಟಣದ ಡಾಕ್ಟರು ಹೇಳಿದರು. ಜನವರಿಯ ಒಂದು ಸಂಜೆ ಅವನು ಫೆರ್ರಿ ಹತ್ತಲು ಹೊರಟಾಗ ಉಳಿದ ನಾಲ್ವರೂ ಕಟ್ಟೆಯ ಮೇಲೆ ಬಂದು ನಿಂತಿದ್ದರು. ಯಾರೂ ಯಾರನ್ನೂ ಕೇಳಲಿಲ್ಲ, ಹಾಡು ತಾನಾಗಿ ಎದ್ದಿತು. ಅವನ ಕೊನೆಯ ಹಾಡು ಎಂದು ಎಲ್ಲರಿಗೂ ಗೊತ್ತಿತ್ತು. ಮುಗಿದ ಮೇಲೆ ನಾಲ್ವರೂ ಅವನ ಬಾಯಿಯನ್ನೇ ನೋಡಿದರು. ಅವನಿಗೆ ಹೇಳಲು ಬೇಕಾದಷ್ಟಿತ್ತು. ಹೇಳಿದ್ದು ಮಾತ್ರ ಇಷ್ಟು:

“ನಾಳೆ ಬಡಗಣ ಗಾಳಿ ಏಳ್ತದೆ. ದೋಣಿ ಬಿಗಿಯಾಗಿ ಕಟ್ಕೊಳ್ಳಿ.”

ಆ ದನಿಯಲ್ಲಿ ಅವನು ಗೆಳೆಯರಿಗೆ ಆಡಿದ ಕೊನೆಯ ಮಾತು ಅದು. ಆಸ್ಪತ್ರೆಯ ಮಂಚದ ಮೇಲೆ, ಕತ್ತಿನ ತೂತಿನಿಂದ ಉಸಿರಾಡುತ್ತ, ಅವನು ಅದನ್ನು ಎಷ್ಟು ಸಲ ನೆನೆದು ಹಲ್ಲು ಕಚ್ಚಿದನೋ ಲೆಕ್ಕವಿಲ್ಲ. ಗಂಟಲಿದ್ದಾಗ ಮಾತು ಬರಲಿಲ್ಲ, ಈಗ ಮಾತು ಬಂದು ನಿಂತಿದೆ, ಗಂಟಲಿಲ್ಲ.

ಊರಿಗೆ ಬಂದವನು ಮತ್ತೆ ಕೊನೊಬಾದ ಮೆಟ್ಟಿಲಿಳಿಯಲಿಲ್ಲ. ಪೀಪಾಯಿಯ ಮೇಲೆ ಗುರುತು ಹಾಕುವ ಸೀಮೆಸುಣ್ಣವೇ ಅವನ ನಾಲಗೆಯಾಯಿತು. ಮೇಜು, ಬಾಗಿಲು, ಅಡುಗೆಮನೆಯ ಕಲ್ಲು, ಎಲ್ಲೆಂದರಲ್ಲಿ ‘ಉಪ್ಪು’, ‘ಕಿಟಕಿ ಮುಚ್ಚು’, ‘ನನ್ನ ಸುತ್ತಿಗೆ ಎಲ್ಲಿ’ ಎಂದು ಬರೆಯುತ್ತಿದ್ದ. ಪೆರೀನಾ ಒದ್ದೆ ಬಟ್ಟೆ ಹಿಡಿದು ಹಿಂದೆ ಹಿಂದೆಯೇ ಒರೆಸುತ್ತಿದ್ದಳು. ಸಂಜೆಯಾದರೆ ಸಮುದ್ರದ ಕಡೆಯ ಕಿಟಕಿ ಮುಚ್ಚಿಸುತ್ತಿದ್ದ. ಹಾಡು ಗಾಳಿಯಲ್ಲಿ ತೇಲಿ ಬಂದರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ.

ಊರೇನೂ ಅವನನ್ನು ಬಿಟ್ಟಿರಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಹೊಸ್ತಿಲಲ್ಲಿ ಮೀನು ಇರುತ್ತಿತ್ತು, ಹೊಟ್ಟೆ ಸೀಳಿ ತೊಳೆದದ್ದು. ಯಾರು ಇಟ್ಟರೆಂದು ಹೇಳುವಂತಿಲ್ಲ. ಸಂಜೆ ಫೀಲಾ ತಾನೇ ಬಂದು ಒಂದು ಜಗ್ ವೈನ್ ಇಟ್ಟು, ಹಿಂದಿನ ದಿನದ ಖಾಲಿ ಜಗ್ ತೆಗೆದುಕೊಂಡು ಹೋಗುತ್ತಿದ್ದಳು. ಕುಜ್ಮಾ ತನ್ನ ಮನೆಯ ಸೊಪ್ಪಿನ ಸಾರಾಯಿ ಕಳಿಸಿದ್ದ, ಕಾಡುಸೋಂಪು ಹಾಕಿ ಬಿಸಿಲಿಗಿಟ್ಟ ನಾಲ್ಕು ವರ್ಷದ ಸರಕು. ಬಾಟಲಿಯನ್ನು ನೋಡಿ ಪ್ರೊಸ್ಪೆರ್ ತುಂಬ ಹೊತ್ತು ತಲೆ ತಗ್ಗಿಸಿ ಕುಳಿತಿದ್ದ. ಇನ್ನು ಜೆರೊಲಿಮ್, ಊರಿನ ಕ್ಷೌರಿಕ, ಸಾಲಿನ ಮೇಲುದನಿ, ಕನ್ನಡಿ ಕಂಡಲ್ಲೆಲ್ಲ ನಿಲ್ಲುವ ಮನುಷ್ಯ. ಅವನು ಪ್ರತಿ ಶನಿವಾರ ಅಂಗಡಿ ಮುಚ್ಚಿ ಮನೆಗೇ ಬಂದು, ಕತ್ತಿನ ತೂತಿನ ಸುತ್ತ ಕತ್ತಿ ತಾಗದಂತೆ ಜತನದಿಂದ ಕ್ಷೌರ ಮಾಡುತ್ತಿದ್ದ. ಮನೆ ಮೌನವಾಗದಂತೆ ಒಂದೇ ಸಮನೆ ಹರಟುತ್ತಿದ್ದ. ಹಾಡಿನ ಸುದ್ದಿಯನ್ನು ಮಾತ್ರ ಎತ್ತುತ್ತಿರಲಿಲ್ಲ.

ಇಷ್ಟೊಂದು ಋಣ ಹೊತ್ತು ಪ್ರೊಸ್ಪೆರ್ ಒಂದೇ ಒಂದು ‘ಉಪಕಾರವಾಯಿತು’ ಎಂದು ಬರೆಯಲಿಲ್ಲ. ನಲವತ್ತೊಂದು ವರ್ಷದ ಉಪಕಾರವನ್ನು ಸೀಮೆಸುಣ್ಣದಲ್ಲಿ ಬರೆದು, ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸುವುದೇ? ಅದಕ್ಕಿಂತ ಸುಮ್ಮನಿರುವುದು ವಾಸಿ ಎಂದುಕೊಂಡ. ಜಗ್ಗನ್ನು ಮಾತ್ರ ಫಳಫಳ ತೊಳೆದು ಇಡುತ್ತಿದ್ದ.

ಆಗಸ್ಟ್ ಬಂತು, ಮೀನುಗಾರರ ಸಂಜೆ ಬಂತು. ವರ್ಷಕ್ಕೊಮ್ಮೆ ಆ ದಿನ ಫೀಲಾಳ ಕೊನೊಬಾ ಪೀಪಾಯಿಯ ಸಮೇತ ದಂಡೆಗೆ ಬರುತ್ತದೆ, ಊರೆಲ್ಲ ಅಲ್ಲೇ ಉಣ್ಣುತ್ತದೆ, ಅಲ್ಲೇ ಹಾಡುತ್ತದೆ. ಆ ಮಧ್ಯಾಹ್ನ ಪ್ರೊಸ್ಪೆರನ ಬಾಗಿಲಿಗೆ ಲೊವ್ರೆ ಬಂದ. ಫೆರ್ರಿಯಲ್ಲಿ ಹಗ್ಗ ಎಸೆಯುವ ಕೆಲಸದವನು, ಎರಡು ಮಕ್ಕಳ ತಂದೆ, ಬಾಗಿಲು ತುಂಬುವಂಥ ಆಳು. ಪೆರೀನಾಳ ಹಾಗೆ ಅವನೂ ಗುಡ್ಡದಾಚೆಯವನು. ಪ್ರೊಸ್ಪೆರ್ ಆಸ್ಪತ್ರೆಗೆ ಹೋದ ಮೇಲೆ ಕೆಳದನಿ ಹಾಡುತ್ತಿರುವವನು ಇವನೇ.

ಕೂತುಕೋ ಎಂದರೂ ಕೂರದೆ, ಟೋಪಿ ಹಿಸುಕುತ್ತ ಲೊವ್ರೆ ಹೇಳಿದ: “ಬಾರ್ಬಾ, ಒಂದ್ ಮಾತ್ ಕೇಳಾಕ ಬಂದೀನ್ರಿ. ನಾ ಇನ್ನೂ ನಿಮ್ಮ ಜಾಗಾದಾಗ ನಿಂತಿಲ್ರಿ. ಬದೀಗೆ ಬೆಂಚಿನ ಮ್ಯಾಲ ಕುಂತ ಹಾಡತೀನಿ. ಬಾರ್ಬಾ ಬರೂತನಕ ಆ ಜಾಗ ಹಂಗ ಇರ್ಲಿ ಅಂತ ಜೆರೊಲಿಮ್ ಹೇಳ್ಯಾರ. ಏಳು ತಿಂಗಳಾತು. ಆದ್ರ ಇವತ್ತ ದಂಡಿ ಮ್ಯಾಲ ಹಾಡೂದು, ಅಲ್ಲಿ ಬೆಂಚ್ ಇಲ್ರಿ. ನಾ ಎಲ್ಲಿ ನಿಂದ್ರಲಿ?”

ಏಳು ತಿಂಗಳು ಸಾಲಿನ ತುದಿಯಲ್ಲಿ ಒಬ್ಬ ಆಳಿನಷ್ಟು ಜಾಗ ಖಾಲಿ ಬಿಟ್ಟುಕೊಂಡು ಹಾಡಿದ್ದಾರೆ! ಶನಿವಾರ ಶನಿವಾರ ಬಂದ ಆ ಬಾಯಿಬಡುಕ ಜೆರೊಲಿಮ್ ಒಂದು ಮಾತೂ ಬಿಟ್ಟಿಲ್ಲ. ಆ ಖಾಲಿ ಜಾಗಕ್ಕೆ ಓಡಿ ಹೋಗಿ ನಿಲ್ಲಬೇಕು ಎಂದು ಪ್ರೊಸ್ಪೆರನಿಗೆ ಅನ್ನಿಸಿತು. ಆದರೆ ಅಲ್ಲಿ ನಿಂತು ಮಾಡುವುದೇನು? ಕುಜ್ಮಾನಿಗೆ ಒಂದು ಕಾನೂನು, ತನಗೊಂದು ಕಾನೂನೇ? ಸೀಮೆಸುಣ್ಣ ತೆಗೆದು ಮೇಜಿನ ಮೇಲೆ ಬರೆದ: ‘ನನ್ನ ಜಾಗದಲ್ಲಿ ನಿಲ್ಲು. ಹಾಡದವ ಸಾಲಲ್ಲಿ ನಿಲ್ಲಬಾರದು.’

ಲೊವ್ರೆ ಓದಿದ. ಮತ್ತೊಮ್ಮೆ ಓದಿದ. ಅನುಮತಿ ಸಿಕ್ಕವನ ಮುಖ ಅವನದಾಗಿರಲಿಲ್ಲ. ಟೋಪಿ ಹಾಕಿಕೊಂಡು ಹೋದ.

ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ಪೆರೀನಾ ಬಂದು ಮೇಜನ್ನು ನೋಡಿದಳು. ಈ ಸಲ ಒರೆಸಲಿಲ್ಲ.

“ಡಾಕ್ಟರು ಗಂಟಲ ತಗದ್ರು. ಅದರ ಜೋಡಿ ಸೊಕ್ಕೂ ತಗದಿದ್ರ ನನಗ ಪುಣ್ಯ ಬರ್ತಿತ್ತು” ಎಂದಳು. “ಆ ಹುಡುಗ ನಿನ್ನ ಹೂಂ ಕೇಳಾಕ ಬಂದಿದ್ದಿಲ್ಲ. ನೀ ಬಾ ಅಂತ ಕರ್ಯಾಕ ಬಂದಿದ್ದ. ಅಷ್ಟೂ ತಿಳೀಲಿಲ್ಲೇನು ನಿನಗ?”

ಪ್ರೊಸ್ಪೆರ್ ಗೋಡೆಯ ಕಡೆ ತಿರುಗಿ ಕುಳಿತ.

“ನೋಡಕೋತ ಕುಂದ್ರು. ಗ್ವಾಡಿ ನಿನಗ ವೈನ್ ಕುಡಸ್ತದ, ಹಾಡೂ ಹಾಡ್ತದ.” ಅವಳು ಶಾಲು ಹೆಗಲಿಗೆ ಹಾಕಿಕೊಂಡು, ಬಾಗಿಲನ್ನು ಧಡ್ಡೆಂದು ಎಳೆದುಕೊಂಡು ಹೋದಳು. ಹೋಗುವಾಗ ಗೂಟದಲ್ಲಿ ತೂಗುಹಾಕಿದ್ದ ಗಂಡನ ಸಣ್ಣ ಸುತ್ತಿಗೆಯನ್ನು ಶಾಲಿನೊಳಗೆ ಸೇರಿಸಿಕೊಂಡದ್ದನ್ನು ಗೋಡೆ ನೋಡುತ್ತಿದ್ದವನು ಕಾಣಲಿಲ್ಲ.

ಒಂದು ತಾಸು ಕಳೆದಿರಬೇಕು. ಸಾರ್ಡೀನ್ ಮೀನು ಸುಡುವ ಹೊಗೆ ಓಣಿಯವರೆಗೂ ಬಂದಿತ್ತು. ಆಪರೇಷನ್ ಆದ ಮೇಲೆ ವಾಸನೆಯೇ ತಿಳಿಯದ ಪ್ರೊಸ್ಪೆರನಿಗೆ ಅದು ಬರಿಯ ಹೊಗೆ, ಕಣ್ಣುರಿಸುವ ಹೊಗೆ. ಆಗ ಓಣಿಯ ತುದಿಯಿಂದ ಫೀಲಾಳ ಕೂಗು ಕೇಳಿಸಿತು. ಹತ್ತು ದೋಣಿಯಾಚೆಗೆ ಕೇಳುವ ಬಾಯಿ ಅವಳದು.

“ಪ್ರೊಸ್ಪೆರ್! ಏ ಪ್ರೊಸ್ಪೆರ್! ಪೀಪಾಯಿ ಸೋರ್ತಾ ಉಂಟು ಮಾರಾಯ! ನೀನು ಕಟ್ಟಿದ ಪೀಪಾಯಿಯೇ! ದಂಡೆಯ ಕಲ್ಲೆಲ್ಲ ವೈನ್ ಕುಡೀತಾ ಉಂಟು, ಊರವರು ಎಂತ ಕುಡಿಯುದು?”

ಬೇರೆ ಯಾವ ಮಾತಿಗೂ ಅವನು ಏಳುತ್ತಿರಲಿಲ್ಲ. ನಾನು ಕಟ್ಟಿದ ಪೀಪಾಯಿ ಸೋರುತ್ತಿದೆ ಎಂದಮೇಲೆ ಕೂರುವುದು ಹೇಗೆ? ಮೇಣ, ಸಂದಿಗೆ ತುರುಕುವ ಒಣಗಿದ ಆಪು ಹುಲ್ಲು, ಉಳಿ ಎಲ್ಲ ಚೀಲಕ್ಕೆ ತುಂಬಿದ. ಸಣ್ಣ ಸುತ್ತಿಗೆ ಸಿಗಲಿಲ್ಲ. ದೊಡ್ಡದನ್ನೇ ಹಿಡಿದು, ಕತ್ತಿಗೆ ತೆಳ್ಳನೆಯ ಬಟ್ಟೆ ಸುತ್ತಿಕೊಂಡು ಓಣಿ ಇಳಿದ.

ದಂಡೆಯಲ್ಲಿ ಊರೆಲ್ಲ ನೆರೆದಿತ್ತು. ಕಬ್ಬಿಣದ ಜಾಲರಿಗಳ ಮೇಲೆ ಮೀನು ಚಟಪಟ ಎನ್ನುತ್ತಿತ್ತು, ಉದ್ದ ಮೇಜುಗಳ ಮೇಲೆ ಬ್ರೆಡ್ಡು, ಈರುಳ್ಳಿ, ಜಗ್ಗುಗಳು. ಬೇಸಿಗೆಗೆ ಬಂದ ಪರವೂರವರೂ ತುಂಬ ಇದ್ದರು, ಬಿಸಿಲಿಗೆ ಬೆಂದು ಕೆಂಪಾದ ಮೂಗುಗಳೊಂದಿಗೆ. ಅವನನ್ನು ನೋಡಿ ಯಾರೂ ‘ಓಹೋ ಬಂದಿಯಾ’ ಎಂದು ಕೂಗಲಿಲ್ಲ. ದಿನಾ ಬರುವವನಿಗೆ ಬಿಡುವ ಹಾಗೆ ಸುಮ್ಮನೆ ದಾರಿ ಬಿಟ್ಟರು. ಅದಕ್ಕಾಗಿ ಅವನು ಮನಸ್ಸಿನಲ್ಲೇ ಅವರಿಗೆ ಕೈ ಮುಗಿದ.

ಪೀಪಾಯಿ ಮರದ ಕಾಲುಗಳ ಮೇಲೆ ಅಡ್ಡ ಮಲಗಿತ್ತು. ಬುಡದ ಪಟ್ಟಿ ಸಡಿಲಾಗಿ ಎರಡು ಹಲಗೆಯ ನಡುವಿನಿಂದ ವೈನ್ ತೊಟ್ಟಿಕ್ಕುತ್ತಿತ್ತು. ಪ್ರೊಸ್ಪೆರ್ ಮಂಡಿಯೂರಿ ನೋಡಿದ. ನೋಡಿ, ಹುಬ್ಬು ಗಂಟಿಕ್ಕಿದ. ಬಿಸಿಲಿಗೆ ಸಡಿಲಾದ ಪಟ್ಟಿ ಎಲ್ಲ ಕಡೆಯೂ ಒಂದೇ ಸಮ ಜಾರುತ್ತದೆ. ಇದು ಒಂದೇ ಬದಿಗೆ ಜಾರಿತ್ತು, ಅಂಚಿನಲ್ಲಿ ಹೊಸ ಏಟಿನ ನಾಲ್ಕು ಗುರುತುಗಳಿದ್ದವು. ಸಣ್ಣ ಸುತ್ತಿಗೆಯ ಏಟು. ಅದೂ ಎಡಗೈಯಿಂದ ಹೊಡೆದದ್ದು. ಓರೆ ನೋಡಿದರೇ ತಿಳಿಯುತ್ತದೆ. ಸ್ತಾರಿ ಪೊರಾತಿನಲ್ಲಿ ಎಡಗೈಯಲ್ಲಿ ಸುತ್ತಿಗೆ ಹಿಡಿಯುವವರು ಒಬ್ಬರೇ.

ತಲೆಯೆತ್ತಿದ. ಪೆರೀನಾ ಫೀಲಾಳ ಪಕ್ಕದಲ್ಲಿ ನಿಂತು, ಜೀವಮಾನದಲ್ಲಿ ಮೀನನ್ನೇ ಕಾಣದವಳಂತೆ ಜಾಲರಿಯ ಮೇಲಿನ ಮೀನು ನೋಡುತ್ತಿದ್ದಳು.

ನಗುವುದಕ್ಕೆ ಅವನಿಗೆ ದನಿಯಿರಲಿಲ್ಲ, ಭುಜಗಳು ಮಾತ್ರ ಕುಣಿದವು. ಪಟ್ಟಿಯನ್ನು ಸುತ್ತ ಬಡಿದು ಬಿಗಿ ಮಾಡಿ, ಸಂದಿಗೆ ಆಪು ತುರುಕಿ ಮೇಣ ಮೆತ್ತಿದ. ಸೋರುವುದು ನಿಂತಿತು. ಎದ್ದು ಮನೆಗೆ ಹೋಗಬೇಕು, ಅಷ್ಟರಲ್ಲಿ ಫೀಲಾ ಅವನ ಕೈಗೆ ಲೋಟ ತುರುಕಿದಳು, ಅರ್ಧ ವೈನ್, ಅರ್ಧ ನೀರು. “ಕುಡಿದು ಹೋಗು. ಕೆಲಸ ಮಾಡಿದವನನ್ನ ಒಣಗಂಟಲಲ್ಲಿ ಕಳಿಸಿದರೆ ನನ್ನ ಅಜ್ಜ ಗೋರಿಯಿಂದ ಎದ್ದು ಬಂದಾನು.” ಏಳು ತಿಂಗಳಿಂದ ಒಬ್ಬನೇ ಕುಡಿದ ಅದೇ ವೈನು. ನಾಲಗೆಗೆ ಬೇರೆಯೇ ರುಚಿ ಹತ್ತಿತು.

ಆಗ ಹಾಡುವವರು ಬಂದು ನಿಂತರು. ಜೆರೊಲಿಮ್, ಅಂಚೆಯವನು, ದೀಪಸ್ತಂಭದವನು, ಬೇಕರಿಯವನು, ಆಮೇಲೆ ಒಂದಾಳಿನಷ್ಟು ಖಾಲಿ ಜಾಗ, ಅದರಾಚೆ ಲೊವ್ರೆ. ‘ನಿಲ್ಲು’ ಎಂದು ಬರೆದು ಕೊಟ್ಟರೂ ಪುಣ್ಯಾತ್ಮ ಆ ಜಾಗಕ್ಕೆ ಕಾಲಿಟ್ಟಿರಲಿಲ್ಲ.

ಜೆರೊಲಿಮನ ದೌರ್ಬಲ್ಯ ಇಡೀ ಊರಿಗೆ ಗೊತ್ತು. ಪರವೂರ ಹೆಂಗಸರು ಮೊದಲ ಸಾಲಿನಲ್ಲಿ ಕುಳಿತಿದ್ದರೆ ಅವನು ಹಾಡನ್ನು ಎರಡು ಮೆಟ್ಟಿಲು ಮೇಲಿಂದಲೇ ಎತ್ತುತ್ತಾನೆ. ಹಿಂದೆಲ್ಲ ಪ್ರೊಸ್ಪೆರ್ ಅವನು ಬಾಯಿ ತೆರೆಯುವ ಮೊದಲೇ ಮೆಲ್ಲಗೆ ಗುನುಗಿ ಕೆಳಗೆ ಎಳೆದುಕೊಳ್ಳುತ್ತಿದ್ದ. ಅದು ಗೊತ್ತಿದ್ದದ್ದು ಅವರಿಬ್ಬರಿಗೇ. ಇವತ್ತು ಎಳೆಯುವವರಿರಲಿಲ್ಲ. ಎತ್ತಿದ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಅಂಚೆಯವನ ಕತ್ತಿನ ನರ ಉಬ್ಬಿತು, ಮೂರನೆಯದಕ್ಕೆ ಜೆರೊಲಿಮನ ದನಿಯೇ ಕೋಳಿಮರಿಯಂತೆ ಕೀಚಲಾಯಿತು. ನಿಲ್ಲಿಸಿ ನಕ್ಕರು. ಜನರೂ ನಕ್ಕರು. ಮತ್ತೆ ಎತ್ತಿದ, ಮತ್ತೆ ಅಷ್ಟೇ ಮೇಲೆ. ಈ ಸಲ ನಗು ಅಷ್ಟು ಸಲೀಸಾಗಿ ಬರಲಿಲ್ಲ. ಲೊವ್ರೆಯ ಮುಖ ತಪ್ಪೆಲ್ಲ ತನ್ನದೇ ಎನ್ನುವಂತೆ ಕೆಂಪಾಗಿತ್ತು.

ಪ್ರೊಸ್ಪೆರನ ಅಂಗೈ ಪೀಪಾಯಿಯ ಮೇಲಿತ್ತು. ತಾನೇನು ಮಾಡುತ್ತಿದ್ದೇನೆಂದು ಯೋಚಿಸುವ ಮೊದಲೇ ಬೆರಳ ಗೆಣ್ಣಿನಿಂದ ಅದರ ಮುಖ ತಟ್ಟಿ ನೋಡಿದ. ತುಂಬಿದ ಕೊಡ ತುಳುಕುವುದಿಲ್ಲ, ತುಂಬಿದ ಪೀಪಾಯಿ ನುಡಿಯುವುದಿಲ್ಲ. ಆದರೆ ಇದರಲ್ಲಿ ಊರು ಆಗಲೇ ಅರ್ಧ ಕುಡಿದಿತ್ತು, ಕಲ್ಲು ಒಂದಿಷ್ಟು ಕುಡಿದಿತ್ತು. ದನಿ ಬಂತು, ಬೇಕಾದ್ದಕ್ಕಿಂತ ಕೊಂಚ ಮೇಲೆ. ವೈನ್ ಇಳಿದಷ್ಟೂ ದನಿಯೂ ಇಳಿಯುತ್ತದೆ. ಫೀಲಾಳ ಕಡೆ ಎರಡು ಬೆರಳು ತೋರಿಸಿ, ನಲ್ಲಿಯತ್ತ ಸನ್ನೆ ಮಾಡಿದ.

“ಎರಡು ಜಗ್ಗಾ? ನಿನಗೊಬ್ಬನಿಗಾ?” ಎಂದಳು ಫೀಲಾ. ಆದರೂ ಇಳಿಸಿದಳು.

ಅವನು ಮತ್ತೆ ತಟ್ಟಿದ. ಸರಿಯಾಗಿತ್ತು. ಅಂಗೈ ಅಗಲಿಸಿ, ಪೀಪಾಯಿಯ ಮುಖದ ನಟ್ಟನಡುವೆ ಬಡಿದ. ಧಮ್ ಎಂದು ತುಂಬಿದ, ತಗ್ಗಿನ, ಉದ್ದನೆಯ ದನಿ ದಂಡೆಯ ಕಲ್ಲಿನ ಮೇಲೆ ಹರಿದು ಹೋಯಿತು. ಮೀನು ಸುಡುವವರೂ ತಿರುಗಿ ನೋಡಿದರು. ಮತ್ತೊಮ್ಮೆ ಬಡಿದ.

ಜೆರೊಲಿಮ್ ಬಾಯಿ ತೆರೆದವನು ಹಾಗೇ ಮುಚ್ಚಿದ. ಆ ದನಿ ಅವನಿಗೆ ಗೊತ್ತಿತ್ತು. ಕಣ್ಣು ಮುಚ್ಚಿ, ಕೇಳಿ, ಪೀಪಾಯಿ ಕೊಟ್ಟ ನೆಲದ ಮೇಲೆ ಕಾಲೂರಿ, ಹಾಡು ಎತ್ತಿದ. ಈ ಸಲ ಹಾಡು ನಿಂತಿತು. ಒಂದೊಂದೇ ದನಿ ಬಂದು ಕೂಡಿಕೊಂಡಿತು, ಕೊನೆಗೆ ಲೊವ್ರೆಯ ದನಿ ಎಲ್ಲವನ್ನೂ ಹೊತ್ತುಕೊಂಡಿತು. ಒಳ್ಳೆಯ ದನಿ. ಗುಡ್ಡದವರಿಗೆ ಮೇಕೆ ಕರೆಯುವುದಷ್ಟೇ ಗೊತ್ತು ಎಂದು ಜೀವಮಾನವಿಡೀ ಹಂಗಿಸಿದ್ದ ಪ್ರೊಸ್ಪೆರ್ ಅದನ್ನು ಅಲ್ಲಿಯೇ ಹಿಂದಕ್ಕೆ ತೆಗೆದುಕೊಂಡ.

ಹಾಡು ಮುಗಿದಾಗ ಜೆರೊಲಿಮ್ ಚಪ್ಪಾಳೆಗೆ ಬಗ್ಗಲೂ ಇಲ್ಲ. ನೇರ ಇತ್ತ ಬಂದ. “ಬಾ ಮಾರಾಯ. ನಿನ್ನ ಜಾಗ ಕಾದು ಕಾದು ಹಾಡೋಕೆ ಕಲೀತು.”

ಪ್ರೊಸ್ಪೆರ್ ಜೇಬಿನಿಂದ ಸೀಮೆಸುಣ್ಣ ತೆಗೆದ. ಪೀಪಾಯಿಯ ಮುಖದ ಮೇಲೆ ಬರೆದ: ‘ಹಾಡದವ ಸಾಲಲ್ಲಿ ನಿಲ್ಲಬಾರದು.’

“ಇದು ಯಾರು ಮಾಡಿದ ಕಾನೂನು?” ಎಂದು ಕೇಳಿದ ಜೆರೊಲಿಮ್.

“ಅವನೇ ಮಾಡಿದ್ದು. ನನ್ನನ್ನ ಓಡಿಸೋಕೆ.” ಮೇಜಿನ ತುದಿಯಿಂದ ಮಾತು ಬಂತು. ಬಾರ್ಬಾ ಕುಜ್ಮಾ. ಎಂಬತ್ತನಾಲ್ಕು ವರ್ಷ, ಕಣ್ಣು ಮಂಜು. ಕೋಲೂರಿಕೊಂಡು ಎದ್ದು ಬಂದ. “ಎಂತ ಬರೆದಿದ್ದಾನೆ ಅಂತ ನನಗೆ ಓದಿ ಹೇಳ್ಬೇಕಾಗಿಲ್ಲ. ಆರು ವರ್ಷದಿಂದ ಬಾಯಿಪಾಠ ಆಗಿದೆ.” ಪೀಪಾಯಿಯನ್ನು ತಡವಿ, ಅಂಗಿಯ ತೋಳಿನಿಂದ ಆ ಸಾಲನ್ನು ಎಡದಿಂದ ಬಲಕ್ಕೆ ಒರೆಸಿಬಿಟ್ಟ. “ಹೋಯ್ತು. ಕಾನೂನು ಹೋಯ್ತು. ಇನ್ನು ನಿಂತ್ಕೊ ಹೋಗು, ಕತ್ತೆ.”

ಪ್ರೊಸ್ಪೆರನ ಕಣ್ಣಿನಲ್ಲಿ ನೀರು ತುಂಬಿ ಕೆನ್ನೆಗಿಳಿಯಿತು. ಒರೆಸಿಕೊಳ್ಳಲಿಲ್ಲ. ಅವನು ಮುಂದೆ ಬಂದದ್ದು ಖಾಲಿ ಜಾಗಕ್ಕಲ್ಲ, ಮುದುಕನ ಬಳಿಗೆ. ಕುಜ್ಮಾನ ತೋಳು ಹಿಡಿದು, ಕೋಲನ್ನು ಪೆರೀನಾಳ ಕೈಗೆ ಕೊಟ್ಟು, ಅವನನ್ನು ನಡೆಸಿಕೊಂಡು ಹೋಗಿ ಸಾಲಿನಲ್ಲಿ ಬೇಕರಿಯವನ ಪಕ್ಕ ನಿಲ್ಲಿಸಿದ. ಆಮೇಲೆ ತಾನು, ಕುಜ್ಮಾನಿಗೂ ಲೊವ್ರೆಗೂ ನಡುವೆ ನಿಂತ.

ಹಾಡು ಮತ್ತೆ ಎದ್ದಿತು. ಕುಜ್ಮಾ ಬಿರುಕು ದನಿಯಲ್ಲೇ ಹಾಡಿದ, ಯಾರಿಗೂ ಏನೂ ಆಗಲಿಲ್ಲ. ಪ್ರೊಸ್ಪೆರನ ಒಂದು ಕೈ ಮುದುಕನ ಬೆನ್ನ ಮೇಲೆ, ಇನ್ನೊಂದು ಲೊವ್ರೆಯ ಬೆನ್ನ ಮೇಲೆ. ಲೊವ್ರೆಯ ಕೆಳದನಿ ಅವನ ಅಂಗೈಗೆ ತಾಗಿ, ಮೊಣಕೈಗೇರಿ, ಎದೆಗೆ ಬಂತು. ಎಲ್ಲಿ ಉಸಿರು ತೆಗೆಯಬೇಕೋ ಅಲ್ಲೆಲ್ಲ ಅವನು ಬೆರಳಿನಿಂದ ಮೆಲ್ಲಗೆ ಒತ್ತಿದ, ಲೊವ್ರೆ ಅಲ್ಲೆಲ್ಲ ಉಸಿರು ತೆಗೆದುಕೊಂಡ.

ಮುಗಿದ ಮೇಲೆ ಪ್ರೊಸ್ಪೆರ್ ಪೀಪಾಯಿಯ ಬಳಿಗೆ ಹೋದ. ಕುಜ್ಮಾ ಒರೆಸಿದ ಜಾಗದಲ್ಲೇ, ಮೊದಲಿಗಿಂತ ದೊಡ್ಡ ಅಕ್ಷರದಲ್ಲಿ, ನಿಧಾನವಾಗಿ ಬರೆದ.

“ಎಂತ ಬರೀತಿದ್ದಾನೆ? ಮತ್ತೆ ಕಾನೂನಾ?” ಕುಜ್ಮಾ ಕಣ್ಣು ಕಿರಿದು ಮಾಡಿದ. “ಯಾರಾದ್ರೂ ಗಟ್ಟಿಯಾಗಿ ಓದ್ರೋ.”

ಹತ್ತಿರ ಇದ್ದವನು ಲೊವ್ರೆ. ಗಂಟಲು ಸರಿಮಾಡಿಕೊಂಡು ಓದಿದ. ಅವನ ತಗ್ಗಿನ, ಗಂಭೀರ ದನಿ ಇಡೀ ದಂಡೆಗೆ ಕೇಳಿಸಿತು.

“‘ಉಪಕಾರವಾಯಿತು. ಜನವರಿಯಲ್ಲೇ ಹೇಳಬೇಕಿತ್ತು. ದೋಣಿ ಕಟ್ಟಿ ಅಂದೆ. ಬಾರ್ಬಾ, ನಿಮ್ಮಲ್ಲಿ ತಪ್ಪಾಯಿತು ಅಂತ ಆರು ವರ್ಷದ ಹಿಂದೆಯೇ ಹೇಳಬೇಕಿತ್ತು. ಎಡಗೈಯವಳೇ, ನಿನಗೂ ಉಪಕಾರವಾಯಿತು. ನನ್ನ ಸುತ್ತಿಗೆ ಕೊಡು.’”

ಪ್ರೊಸ್ಪೆರ್ ಕಣ್ಣು ಮುಚ್ಚಿ ಕೇಳಿದ. ತನ್ನ ಮಾತು ಕೆಳದನಿಯಲ್ಲಿ ತನ್ನ ಕಿವಿಗೆ ಬೀಳುತ್ತಿತ್ತು, ಏಳು ತಿಂಗಳ ಮೇಲೆ. ಜೆರೊಲಿಮ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಪೆರೀನಾ ಶಾಲಿನೊಳಗಿನಿಂದ ಸುತ್ತಿಗೆ ತೆಗೆದು ಗಂಡನ ಕೈಗಿಟ್ಟಳು. ಅವಳಿಗೆ ಮಾತು ಹೊರಡದ ಸಂಜೆ ಅದೊಂದೇ ಎಂದು ಫೀಲಾ ಇವತ್ತಿಗೂ ಹೇಳುತ್ತಾಳೆ.

“ಗಂಟಲಿದ್ದಾಗ ಇಷ್ಟು ಚಂದ ಮಾತಾಡ್ತಿರಲಿಲ್ಲ ಅವನು” ಎಂದ ಕುಜ್ಮಾ. ಆಮೇಲೆ ಸದ್ಯಕ್ಕೆ ಅದನ್ನು ಯಾರೂ ಒರೆಸಬಾರದು ಎಂದು ಹೇಳಿ, ಪೀಪಾಯಿಯ ಪಕ್ಕದಲ್ಲೇ ಕುರ್ಚಿ ತರಿಸಿಕೊಂಡು ಕಾವಲು ಕುಳಿತ.